ಅಮೆರಿಕ ಯಾಕೆ ಕಿಲೋಗೆ ಬರಲಿಲ್ಲ?

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಸಂಘದ ಚರಿತ್ರೆಯನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಬರೆದಿದ್ದಾರೆ. ಊರಿನ ಕೆರೆ, ದೇವಸ್ಥಾನಗಳ ಚರಿತ್ರೆಯನ್ನು ನಮ್ಮ ಹಿರಿಯ ಮೇಷ್ಟರು ಬರೆದಿದ್ದಾರೆ. ಇನ್ನು ನಮಗೆ ಉಳಿದದ್ದೇನು ಅಂತ ಯೋಚಿಸುತ್ತಾ ಗೋದಾಮಿನ ಜಗಲಿ ಮೇಲೆ ಕುಳಿತಿದ್ದಾಗ ಕಣ್ಣಿಗೆ ಬಿದ್ದದ್ದು ನಮ್ಮ ತೂಕದ ಯಂತ್ರ. ಇಪ್ಪತ್ತೈದು ವರ್ಷದಲ್ಲಿ ಈ ಊರಿನ ಪ್ರತಿಯೊಬ್ಬ ರೈತನ ಬೆವರೂ ಒಂದಲ್ಲ ಒಂದು ದಿನ ಅದರ ಮೇಲೆ ಕೂತು ಎದ್ದಿದೆ. ಹಾಗಾಗಿ ಅಳತೆ, ತೂಕದ ಬಗ್ಗೆಯೇ ಬರೆಯೋಣ ಅಂತ ತೀರ್ಮಾನ ಮಾಡಿದೆವು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಬೀದಿಯ ಅಜ್ಜಿಯೊಬ್ಬರ ಮೊಮ್ಮಗ ಅಮೆರಿಕದಲ್ಲಿ ಕೆಲಸಕ್ಕಿದ್ದಾನೆ. ಒಂದು ದಿನ ಫೋನಿನಲ್ಲಿ ಅವನು, "ಅಜ್ಜಿ, ಇಲ್ಲಿ ಹಾಲು ಗ್ಯಾಲನ್ ಲೆಕ್ಕ, ತರಕಾರಿ ಪೌಂಡ್ ಲೆಕ್ಕ, ದಾರಿ ಮೈಲಿ ಲೆಕ್ಕ. ಜ್ವರ ನೋಡಿದ್ರೂ ನೂರಾ ಒಂದು, ನೂರಾ ಎರಡು ಅಂತಾರೆ" ಅಂದನಂತೆ. ಅಜ್ಜಿ ಮರುದಿನ ನಮ್ಮನ್ನು ತಡೆದು ನಿಲ್ಲಿಸಿ, "ಅಲ್ಲಪ್ಪ, ಚಂದ್ರನ ಮೇಲೆ ಹೋಗಿ ಬಂದ ಜನ ಇನ್ನೂ ನಮ್ಮ ಕಾಲದ ಸೇರು ಪಾವಲ್ಲೇ ಇದ್ದಾರಾ? ನಾವು ಹಳ್ಳಿಯೋರೇ ಯಾವತ್ತೋ ಕಿಲೋಗೆ ಬಂದ್ವಲ್ಲ!" ಅಂತ ಕೇಳಿದರು. ಆವತ್ತು ನಮಗೆ ಸರಿಯಾದ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಊರಿಗೊಂದು ಅಳತೆ, ಸಂತೆಗೊಂದು ತೂಕ

ಮೊದಲು ಕಿಲೋ, ಮೀಟರು ಎಲ್ಲಿಂದ ಬಂತು ಅನ್ನೋದನ್ನು ನೋಡೋಣ. ಅದು ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ, 1789ರ ಕ್ರಾಂತಿಯ ಬೆನ್ನಿಗೆ. ಅದಕ್ಕೂ ಮುಂಚೆ ಅಲ್ಲಿ ಊರಿಗೊಂದು ಅಳತೆ ಇತ್ತು. ಜಮೀನ್ದಾರನಿಗೆ ಗೇಣಿ ಕೊಡುವಾಗ ಒಂದು ಕೊಳಗ, ಸಂತೆಯಲ್ಲಿ ಮಾರುವಾಗ ಇನ್ನೊಂದು ಕೊಳಗ. ಒಂದು ಕಡೆ ರಾಶಿ ಬರುವ ಹಾಗೆ ತುಂಬಿ ಅಳೆಯೋದು, ಇನ್ನೊಂದು ಕಡೆ ಬಾಯಿ ಮಟ್ಟಕ್ಕೆ ಸವರಿ ಅಳೆಯೋದು. ಅಳತೆಯ ಪಾತ್ರೆ ಯಾರ ಮನೆಯಲ್ಲಿ ಇರುತ್ತದೋ ಲಾಭ ಅವನದ್ದು. 1789ರಲ್ಲಿ ಫ್ರಾನ್ಸಿನ ರಾಜ ತನ್ನ ಪ್ರಜೆಗಳಿಂದ ಅಹವಾಲು ಕೇಳಿದಾಗ ಹಳ್ಳಿ ಹಳ್ಳಿಗಳಿಂದ ಬಂದ ಬೇಡಿಕೆಗಳಲ್ಲಿ ಒಂದು, ದೇಶಕ್ಕೆಲ್ಲ ಒಂದೇ ಅಳತೆ, ಒಂದೇ ತೂಕ ಮಾಡಿ ಅನ್ನೋದು. ಅದನ್ನು ಕೇಳಿದವರು ವಿಜ್ಞಾನಿಗಳಷ್ಟೇ ಅಲ್ಲ, ಗೇಣಿ ಕೊಟ್ಟು ಸೋತ ರೈತರು. ಇದನ್ನು ನಾವು ಮರೆಯಬಾರದು.

ಯಾವ ರಾಜನ ಕೈಗೂ ಕಾಲಿಗೂ ಸೇರದ ಅಳತೆ ಬೇಕು ಅಂತ ಭೂಮಿಯನ್ನೇ ಅಳೆದರು. ಉತ್ತರ ಧ್ರುವದಿಂದ ಭೂಮಧ್ಯ ರೇಖೆಯವರೆಗಿನ ದೂರದ ಒಂದು ಕೋಟಿ ಭಾಗದಲ್ಲಿ ಒಂದು ಭಾಗಕ್ಕೆ ಮೀಟರು ಅಂತ ಹೆಸರಿಟ್ಟರು. ದೆಲಾಂಬ್ರ ಮತ್ತು ಮೆಶೈನ್ ಎಂಬಿಬ್ಬರು 1792ರಿಂದ 1798ರವರೆಗೆ ಡಂಕರ್ಕ್‌ನಿಂದ ಬಾರ್ಸಿಲೋನಾದವರೆಗೆ ಅಳೆದು ಲೆಕ್ಕ ಕಟ್ಟಿದರು. ಕಾನೂನು ಬಂದದ್ದು 1795ರಲ್ಲಿ. ಆದರೆ ಫ್ರಾನ್ಸಿನ ಜನವೇ ಅದನ್ನು ಒಂದೇ ದಿನಕ್ಕೆ ಒಪ್ಪಲಿಲ್ಲ. 1812ರಲ್ಲಿ ನೆಪೋಲಿಯನ್ ಹಳೇ ಹೆಸರಿನ ಅಳತೆಗಳಿಗೆ ಮತ್ತೆ ದಾರಿ ಬಿಟ್ಟುಕೊಟ್ಟ. ಕೊನೆಗೆ 1840ರ ಜನವರಿ 1ರಿಂದ ಅದು ಕಡ್ಡಾಯ ಆಯಿತು. ಹುಟ್ಟಿದ ಮನೆಯಲ್ಲೇ ಕೂಸು ಕಾಲೂರಲು ನಲವತ್ತೈದು ವರ್ಷ ಹಿಡಿಯಿತು!

ಹಡಗು ತಪ್ಪಿದ ದಾರಿ

ಈಗ ಅಮೆರಿಕಕ್ಕೆ ಬರೋಣ. ಇಂಗ್ಲೆಂಡಿನಿಂದ ಬಿಡುಗಡೆಯಾದ ಹೊಸ ದೇಶ. ತಮ್ಮ ಸಂವಿಧಾನದಲ್ಲಿಯೇ ಅಳತೆ, ತೂಕಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟುಕೊಂಡರು. 1790ರಲ್ಲಿ ಥಾಮಸ್ ಜೆಫರ್ಸನ್ ಒಂದು ವರದಿ ಕೊಟ್ಟು ಎರಡು ದಾರಿ ತೋರಿಸಿದ. ಒಂದು, ಇರುವ ಇಂಗ್ಲಿಷ್ ಅಳತೆಗಳನ್ನೇ ಸರಿಪಡಿಸಿಕೊಳ್ಳುವುದು. ಇನ್ನೊಂದು, ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತರುವುದು. ಕಾಂಗ್ರೆಸ್ ಎರಡನ್ನೂ ಮಾಡಲಿಲ್ಲ. ಆದರೆ ಹಣದ ವಿಷಯದಲ್ಲಿ ಮಾತ್ರ 1792ರಲ್ಲಿ ಹತ್ತರ ಲೆಕ್ಕ ತಂದರು: ಒಂದು ಡಾಲರಿಗೆ ನೂರು ಸೆಂಟು. ಇಂಗ್ಲೆಂಡಿನವರು ಪೌಂಡು, ಷಿಲಿಂಗು, ಪೆನ್ಸು ಅಂತ ಒದ್ದಾಡುತ್ತಿದ್ದ ಕಾಲದಲ್ಲಿ, ನಾವು ಆಣೆ ಕಾಸು ಎಣಿಸುತ್ತಿದ್ದ ಕಾಲದಲ್ಲಿ, ಅಮೆರಿಕದವರು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದರು.

ಇಲ್ಲಿ ಒಂದು ಕರುಣಾಜನಕ ಪ್ರಸಂಗ ಉಂಟು. 1794ರ ಮೊದಲಲ್ಲಿ ಜೋಸೆಫ್ ದೊಂಬೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ, ಹೊಸ ಅಳತೆಯ ತಾಮ್ರದ ಮೀಟರು ಕೋಲು ಮತ್ತು ಒಂದು ತೂಕದ ಕಲ್ಲನ್ನು ಜೆಫರ್ಸನ್‌ನಿಗೆ ತೋರಿಸಲು ಹಡಗು ಹತ್ತಿದ. ಆ ತೂಕಕ್ಕೆ ಆಗಿನ ಹೆಸರು ಗ್ರಾವ್. ಅದೇ ಈಗಿನ ಕಿಲೋ. ಬಿರುಗಾಳಿಗೆ ಸಿಕ್ಕಿ ಹಡಗು ಕೆರಿಬಿಯನ್ ದ್ವೀಪಗಳ ಕಡೆ ಹೋಯಿತು. ಅಲ್ಲಿ ಕಡಲ ಲೂಟಿಕೋರರ ಕೈಗೆ ಸಿಕ್ಕಿ, ಮಾಂಟ್ಸೆರಾಟ್ ದ್ವೀಪದಲ್ಲಿ ಸೆರೆಯಾಗಿ, ಅದೇ ವರ್ಷ ಆ ಮನುಷ್ಯ ತೀರಿಹೋದ. ಅವನು ತಂದಿದ್ದ ಸಾಮಾನು ಹರಾಜಾಯಿತು. ಆ ತೂಕ ಮುಂದೆ ಎಷ್ಟೋ ಕೈ ದಾಟಿ ಅಮೆರಿಕ ಸರ್ಕಾರದ ಅಳತೆ ಸಂಸ್ಥೆಯ ವಸ್ತು ಸಂಗ್ರಹ ಸೇರಿದೆ. ಆ ಹಡಗು ನೆಟ್ಟಗೆ ತಲುಪಿದ್ದರೆ ಅಮೆರಿಕ ಅಂದೇ ಬದಲಾಗುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಮೀಟರಿನ ಮೂಲ ಅಳತೆಯನ್ನು ಫ್ರಾನ್ಸಿನ ಮೂಲಕ ಹಾದುಹೋಗುವ ರೇಖೆಗೇ ಕಟ್ಟಿಹಾಕಿದ್ದು ಜೆಫರ್ಸನ್‌ನಿಗೇ ಇಷ್ಟವಿರಲಿಲ್ಲ. ಒಂದು ಹಡಗಿನಿಂದ ದೇಶದ ಅಳತೆ ಬದಲಾಗುವುದಿಲ್ಲ. ನಿಜವಾದ ಕಾರಣಗಳು ನೆಲದಲ್ಲಿಯೇ ಇದ್ದವು.

ಮೊದಲ ಕಾರಣ: ನೋವು ಇರಲಿಲ್ಲ

ಫ್ರಾನ್ಸಿನಲ್ಲಿ ಇದ್ದಂಥ ಗೊಂದಲ ಅಮೆರಿಕದಲ್ಲಿ ಇರಲಿಲ್ಲ. ಅಲ್ಲಿಗೆ ಹೋಗಿ ನೆಲೆಸಿದ ಹೆಚ್ಚಿನವರು ಇಂಗ್ಲೆಂಡಿನ ಅಳತೆಯನ್ನೇ ಜೊತೆಗೆ ಒಯ್ದಿದ್ದರು. ಅಡಿ ಅಂದರೆ ಎಲ್ಲ ರಾಜ್ಯದಲ್ಲೂ ಅಡಿ, ಪೌಂಡು ಅಂದರೆ ಪೌಂಡು. ಸಣ್ಣಪುಟ್ಟ ವ್ಯತ್ಯಾಸ ಇತ್ತು, ಆದರೆ ಗೇಣಿಗೊಂದು ಸಂತೆಗೊಂದು ಅನ್ನುವ ಮೋಸ ಇರಲಿಲ್ಲ. 1817ರಲ್ಲಿ ಅಲ್ಲಿನ ಸೆನೆಟ್ ಜಾನ್ ಕ್ವಿನ್ಸಿ ಆಡಮ್ಸ್‌ಗೆ ಈ ವಿಷಯ ಪರಿಶೀಲಿಸಲು ಹೇಳಿತು. ಮುಂದೆ ರಾಷ್ಟ್ರಾಧ್ಯಕ್ಷನಾದವನು ಇವನೇ. ನಾಲ್ಕು ವರ್ಷ ಕೂತು 1821ರಲ್ಲಿ ವರದಿ ಕೊಟ್ಟ. ಫ್ರಾನ್ಸಿನ ಪದ್ಧತಿಯನ್ನು ಮನಸಾರೆ ಹೊಗಳಿದ. ಆದರೆ ಈಗ ಬದಲಾಯಿಸುವುದು ಬೇಡ, ಇರುವುದನ್ನೇ ಒಂದೇ ಸಮ ಮಾಡಿಕೊಳ್ಳೋಣ ಅಂತ ಸಲಹೆ ಕೊಟ್ಟ. ಅದರಂತೆ 1836ರಲ್ಲಿ ಪ್ರತಿ ರಾಜ್ಯಕ್ಕೂ ಒಂದೊಂದು ಜೊತೆ ಪ್ರಮಾಣ ತೂಕ, ಅಳತೆಗಳನ್ನು ಮಾಡಿಸಿ ಕಳಿಸಲು ತೀರ್ಮಾನವಾಯಿತು. ಹೊಟ್ಟೆ ನೋವಿಲ್ಲದವನಿಗೆ ಕಷಾಯ ಕುಡಿ ಅಂದರೆ ಕುಡಿಯುತ್ತಾನೆಯೇ?

ಇನ್ನೊಂದು ತಮಾಷೆ ನೋಡಿ. 1824ರಲ್ಲಿ ಇಂಗ್ಲೆಂಡ್ ತನ್ನ ಗ್ಯಾಲನ್ನನ್ನು ಬದಲಾಯಿಸಿಕೊಂಡಿತು. ಅದು ಈಗಿನ ಲೆಕ್ಕಕ್ಕೆ ಸುಮಾರು ನಾಲ್ಕೂವರೆ ಲೀಟರು. ಅಮೆರಿಕ ಮಾತ್ರ ಇಂಗ್ಲೆಂಡಿನ ಹಳೇ ದ್ರಾಕ್ಷಾರಸದ ಗ್ಯಾಲನ್ನನ್ನೇ ಇಟ್ಟುಕೊಂಡಿತು. ಅದು ಸುಮಾರು 3.785 ಲೀಟರು. ಅಜ್ಜಿಯ ಮೊಮ್ಮಗ ಕೊಳ್ಳುವ ಹಾಲಿನ ಗ್ಯಾಲನ್ ಅದೇ. ಮಗಳು ಗಂಡನ ಮನೆಗೆ ಒಯ್ದ ಹಳೇ ಪಾತ್ರೆಯನ್ನು ಜೋಪಾನ ಮಾಡಿದಳು, ತವರಿನವರು ಅದನ್ನು ಮಾರಿ ಹೊಸದು ತಂದರು ಅನ್ನುವ ಹಾಗಾಯಿತು.

ಎರಡನೇ ಕಾರಣ: ಜಮೀನಿನ ಸರಪಳಿ

ಇದು ರೈತರಾದ ನಮಗೆ ಚೆನ್ನಾಗಿ ಅರ್ಥವಾಗುವ ಕಾರಣ. 1785ರ ಕಾನೂನಿನ ಪ್ರಕಾರ ಅಮೆರಿಕ ತನ್ನ ಪಶ್ಚಿಮದ ಭೂಮಿಯನ್ನೆಲ್ಲ ಆರು ಮೈಲಿ ಚೌಕಗಳಾಗಿ ಅಳೆಯಲು ಹೊರಟಿತು. ಆ ಚೌಕದೊಳಗೆ ಒಂದೊಂದು ಮೈಲಿಯ 36 ತುಂಡು, ಒಂದು ತುಂಡಿಗೆ 640 ಎಕರೆ, ಅದರ ಕಾಲು ಭಾಗ 160 ಎಕರೆ. 1862ರಲ್ಲಿ ನೆಲೆ ನಿಲ್ಲುವ ರೈತರಿಗೆ ಸರ್ಕಾರ ಭೂಮಿ ಕೊಟ್ಟಾಗಲೂ ಲೆಕ್ಕ 160 ಎಕರೆಯೇ. ರಸ್ತೆ, ಬೇಲಿ, ಪಟ್ಟಣ, ಕ್ರಯಪತ್ರ ಎಲ್ಲವೂ ಆ ಮೈಲಿ, ಎಕರೆಗಳ ಮೇಲೆ ಬಿದ್ದವು. ವಿಮಾನದಿಂದ ನೋಡಿದರೆ ಅಲ್ಲಿನ ಹೊಲಗಳು ಚದುರಂಗದ ಮಣೆಯ ಹಾಗೆ ಕಾಣುವುದು ಇದರಿಂದಲೇ. ನೆಲದ ಮೇಲೆ ಬರೆದ ಅಳತೆಯನ್ನು ಕಾಗದದ ಮೇಲೆ ಅಳಿಸುವುದು ಹೇಗೆ?

ಆ ಭೂಮಿಯನ್ನು ಅಳೆದದ್ದು ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನ ಹೆಸರಿನ 66 ಅಡಿ ಸರಪಳಿಯಿಂದ. ಅಂಥ ಹತ್ತು ಚದರ ಸರಪಳಿಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಈಗ ನಮ್ಮ ಗುಂಟೆಯನ್ನು ನೋಡಿ. 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಅದರ ನಲವತ್ತು ಪಟ್ಟು ಮಾಡಿದರೆ 43,560. ನಮ್ಮ 33 ಅಡಿ ಆ ಸರಪಳಿಯ ಸರಿಯಾಗಿ ಅರ್ಧ! ಮೈಸೂರು ಸೀಮೆಯಲ್ಲಿ 1863ರಿಂದ ಮುಂಬೈ ಮಾದರಿಯ ಭೂಮಾಪನ ಶುರುವಾದಾಗ ಬಂದ ಲೆಕ್ಕ ಇದು. ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದವರು ಅದೇ ಎಕರೆಯನ್ನು ನೂರು ಸೆಂಟ್ಸು ಮಾಡಿಕೊಂಡರು. ಅಮೆರಿಕದ ರೈತನ ಹೊಲವನ್ನೂ ನಮ್ಮ ಹೊಲವನ್ನೂ ಅಳೆದದ್ದು ಒಂದೇ ವಂಶದ ಸರಪಳಿ ಅಂದರೆ ಆಶ್ಚರ್ಯವಲ್ಲವೇ?

ಮೂರನೇ ಕಾರಣ: ತಿರುಪು ಮತ್ತು ಬೋಲ್ಟು

1866ರಲ್ಲಿ ಅಮೆರಿಕ ಮೆಟ್ರಿಕ್ ಅಳತೆಯನ್ನು ಕಾನೂನುಬದ್ಧ ಅಂತ ಒಪ್ಪಿಕೊಂಡಿತು. ಬೇಕಾದವರು ಬಳಸಬಹುದು, ಕಡ್ಡಾಯವಿಲ್ಲ. 1875ರ ಮೇ 20ರಂದು ಪ್ಯಾರಿಸ್ಸಿನಲ್ಲಿ ಹದಿನೇಳು ದೇಶಗಳು ಮೀಟರಿನ ಒಪ್ಪಂದಕ್ಕೆ ಸಹಿ ಹಾಕಿದಾಗ ಅಮೆರಿಕವೂ ಅದರಲ್ಲಿ ಒಂದು. ಅಷ್ಟೇ ಅಲ್ಲ, 1893ರಿಂದ ಅಮೆರಿಕದ ಗಜ, ಪೌಂಡುಗಳಿಗೆ ಸ್ವಂತ ಮೂಲವೇ ಇಲ್ಲ. ಮೀಟರಿನಲ್ಲಿ ಇಷ್ಟು ಭಾಗ ಗಜ, ಕಿಲೋದಲ್ಲಿ ಇಷ್ಟು ಭಾಗ ಪೌಂಡು ಅಂತ ಅಲ್ಲಿನ ಸರ್ಕಾರವೇ ಗೊತ್ತು ಮಾಡಿದೆ. 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳೆಲ್ಲ ಸೇರಿ ಒಂದು ಗಜಕ್ಕೆ 0.9144 ಮೀಟರು, ಒಂದು ಪೌಂಡಿಗೆ 0.45359237 ಕಿಲೋ ಅಂತ ಖಾಯಂ ಮಾಡಿದವು. ಅಂದರೆ ಮೇಲೆ ಹಳೇ ಹೆಸರಿನ ಬೋರ್ಡು, ಒಳಗೆ ಅಡಿಪಾಯ ಕಿಲೋ, ಮೀಟರಿನದೇ. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹಾಗಾದರೆ ಜನರ ಬಳಕೆಗೆ ಯಾಕೆ ತರಲಿಲ್ಲ? ಅಷ್ಟು ಹೊತ್ತಿಗೆ ಅಲ್ಲಿ ಕಾರ್ಖಾನೆಗಳು ಎದ್ದಿದ್ದವು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಬೋಲ್ಟು, ನಟ್ಟುಗಳ ತಿರುಪಿಗೆ ಒಂದು ಇಂಚಿಗೆ ಇಷ್ಟು ಸುತ್ತು ಅಂತ ಒಂದು ಕ್ರಮ ಮಾಡಿದ. ರೈಲು, ಹಡಗು, ಯಂತ್ರ ಎಲ್ಲಕ್ಕೂ ಅದು ಹರಡಿತು. ಇಂಚು ಬಿಟ್ಟರೆ ಪ್ರತಿ ಅಚ್ಚು, ಪ್ರತಿ ನಕ್ಷೆ, ಪ್ರತಿ ಪಾನಾ ಬದಲಾಗಬೇಕು. ಹಳೇ ಯಂತ್ರ ಕೆಟ್ಟರೆ ಅದಕ್ಕೆ ಹಳೇ ಬೋಲ್ಟೇ ಬೇಕು. ಹೀಗೆ ಎರಡೆರಡು ದಾಸ್ತಾನು ಇಟ್ಟುಕೊಂಡು ಎಷ್ಟು ವರ್ಷ ನಡೆಸೋದು? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಂಗ್ರೆಸ್ಸಿನಲ್ಲಿ ಮಸೂದೆ ಬಂದಾಗಲೆಲ್ಲ ಯಂತ್ರ ತಯಾರಕರು ಅಡ್ಡ ನಿಂತರು. 1904ರಲ್ಲಿ ಫ್ರೆಡರಿಕ್ ಹಾಲ್ಸಿ ಎಂಬ ಎಂಜಿನಿಯರು ಮೆಟ್ರಿಕ್ ವಿರುದ್ಧ ಒಂದು ಪುಸ್ತಕವನ್ನೇ ಪ್ರಕಟಿಸಿದ. ಮೇಲಾಗಿ ಅದು ದೊಡ್ಡ ದೇಶ. ಮಾಡಿದ ಸಾಮಾನು ಒಳಗೇ ಮಾರಾಟವಾಗುತ್ತಿತ್ತು. ಹೊರಗಿನವರು ಏನು ಅಳತೆ ಇಟ್ಟುಕೊಂಡರೂ ಅವರಿಗೆ ಚಿಂತೆಯಿರಲಿಲ್ಲ.

ಬೆಕ್ಕಿನ ಕೊರಳಿಗೆ ಗಂಟೆ

ಕೊನೆಗೆ 1971ರಲ್ಲಿ ಸರ್ಕಾರದ ಒಂದು ದೊಡ್ಡ ಅಧ್ಯಯನ, ಹತ್ತು ವರ್ಷದ ಯೋಜನೆ ಹಾಕಿಕೊಂಡು ಮೆಟ್ರಿಕ್‌ಗೆ ಹೋಗೋಣ ಎಂದು ಶಿಫಾರಸು ಮಾಡಿತು. 1975ರ ಡಿಸೆಂಬರ್ 23ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕಾನೂನಿಗೆ ಸಹಿಯನ್ನೂ ಹಾಕಿದರು. ಆದರೆ ಆ ಕಾನೂನಿನಲ್ಲಿ ಕೊನೆಯ ತಾರೀಕು ಇರಲಿಲ್ಲ. ಬದಲಾವಣೆ ಸ್ವಯಂಪ್ರೇರಿತ ಅಂತ ಬರೆದರು. ಒಂದು ಮಂಡಳಿ ಮಾಡಿದರು, ಅದಕ್ಕೆ ಯಾರನ್ನೂ ಒತ್ತಾಯ ಮಾಡುವ ಅಧಿಕಾರ ಇರಲಿಲ್ಲ. 1977ರಲ್ಲಿ ಹೆದ್ದಾರಿ ಫಲಕಗಳನ್ನು ಕಿಲೋಮೀಟರಿಗೆ ಬದಲಾಯಿಸುವ ಪ್ರಸ್ತಾಪ ಬಂತು. ಜನ ವಿರೋಧಿಸಿದರು, ಹಿಂದಕ್ಕೆ ತೆಗೆದುಕೊಂಡರು. 1982ರಲ್ಲಿ ಅಧ್ಯಕ್ಷ ರೇಗನ್ ಕಾಲದಲ್ಲಿ ಆ ಮಂಡಳಿಯೇ ಮುಚ್ಚಿಹೋಯಿತು. ಅರಿಜೋನ ರಾಜ್ಯದಲ್ಲಿ ಟೂಸಾನಿನಿಂದ ಮೆಕ್ಸಿಕೋ ಗಡಿಯ ನೊಗಾಲಿಸ್‌ವರೆಗಿನ ಒಂದೇ ಒಂದು ಹೆದ್ದಾರಿಯಲ್ಲಿ ಕಿಲೋಮೀಟರಿನ ಫಲಕಗಳು ಆ ಕಾಲದ ನೆನಪಿಗೆ ಉಳಿದುಕೊಂಡಿವೆ.

ನಮ್ಮ ಸಂಘ ನಡೆಸಿದವರಿಗೆ ಇದು ಹೊಸ ವಿಷಯವಲ್ಲ. ಕಾಲುವೆ ಹೂಳು ತೆಗೆಯೋಣ ಅಂದರೆ ಎಲ್ಲರೂ ಸರಿ ಅನ್ನುತ್ತಾರೆ. ಇಷ್ಟವಿದ್ದವರು ಬನ್ನಿ ಅಂದರೆ ನಾಲ್ಕು ಜನ ಬರುತ್ತಾರೆ. ಮನೆಗೊಂದಾಳು, ಇಂಥ ದಿನ, ಬಾರದಿದ್ದರೆ ದಂಡ ಅಂದರೆ ಮಾತ್ರ ಕೆಲಸ ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಬದಲಾದರೆ ಎಲ್ಲರಿಗೂ ಲಾಭ. ಒಬ್ಬನೇ ಮೊದಲು ಬದಲಾದರೆ ಅವನಿಗೆ ಮಾತ್ರ ನಷ್ಟ. ಹೀಗಿರುವಾಗ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋರು ಯಾರು? ಆಸ್ಟ್ರೇಲಿಯದವರು 1970ರಲ್ಲಿ ಕಾನೂನು ಮಾಡಿ, ತಾರೀಕು ಗೊತ್ತು ಮಾಡಿ, 1974ರ ಜುಲೈ ತಿಂಗಳಲ್ಲಿ ದೇಶದ ರಸ್ತೆ ಫಲಕಗಳನ್ನೆಲ್ಲ ಬದಲಾಯಿಸಿಬಿಟ್ಟರು. ಅಲ್ಲಿಯೂ ಇಂಗ್ಲಿಷ್ ಜನವೇ, ಇಂಗ್ಲಿಷ್ ಅಳತೆಯೇ ಇದ್ದದ್ದು. ವ್ಯತ್ಯಾಸ ಇದ್ದದ್ದು ತಾರೀಕಿನಲ್ಲಿ.

1988ರಲ್ಲಿ ಅಮೆರಿಕದ ಕಾಂಗ್ರೆಸ್ ವ್ಯಾಪಾರಕ್ಕೆ ಮೆಟ್ರಿಕ್ಕೇ ಮೆಚ್ಚಿನ ಪದ್ಧತಿ ಅಂತ ಇನ್ನೊಮ್ಮೆ ಘೋಷಿಸಿತು. ಇವತ್ತು ಅಲ್ಲಿ ಔಷಧಿ ಮಿಲಿಗ್ರಾಂ ಲೆಕ್ಕ, ತಂಪು ಪಾನೀಯದ ದೊಡ್ಡ ಬಾಟಲಿ ಎರಡು ಲೀಟರು, ಪೊಟ್ಟಣಗಳ ಮೇಲೆ ಎರಡೂ ಅಳತೆ. ಆದರೆ ಮಾತಿನಲ್ಲಿ, ಅಡುಗೆ ಮನೆಯಲ್ಲಿ, ರಸ್ತೆಯಲ್ಲಿ ಹಳೆಯದೇ.

ಎರಡು ಅಳತೆಯ ಬೆಲೆ

ಇದರಿಂದ ನಷ್ಟ ಏನು ಅಂತ ಕೇಳಬಹುದು. ಎರಡು ಪ್ರಸಂಗ ಹೇಳುತ್ತೇವೆ.

1983ರ ಜುಲೈ 23ರಂದು ಕೆನಡಾ ದೇಶದಲ್ಲಿ, ಅಲ್ಲಿ ಹಳೇ ಅಳತೆಯಿಂದ ಹೊಸ ಅಳತೆಗೆ ಹೋಗುತ್ತಿದ್ದ ಕಾಲ, ಒಂದು ಪ್ರಯಾಣಿಕರ ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೆಕ್ಕ ಹಾಕುವಾಗ ಲೀಟರಿಗೆ ಇಷ್ಟು ಪೌಂಡು ಅನ್ನುವ ಅಂಕಿಯನ್ನು ಲೀಟರಿಗೆ ಇಷ್ಟು ಕಿಲೋ ಅಂತ ತಿಳಿದರು. ಬೇಕಾದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹಾರಿತು. 41 ಸಾವಿರ ಅಡಿ ಎತ್ತರದಲ್ಲಿ ಎಂಜಿನ್‌ಗಳು ನಿಂತವು. ಒಳಗೆ 69 ಜೀವ. ಚಾಲಕರ ಜಾಣ್ಮೆಯಿಂದ ಗಿಮ್ಲಿ ಎಂಬಲ್ಲಿನ ಹಳೇ ವಾಯುನೆಲೆಯ ಮೇಲೆ ವಿಮಾನ ತೇಲಿಕೊಂಡೇ ಇಳಿಯಿತು. ಎಲ್ಲರೂ ಉಳಿದದ್ದು ದೇವರ ದಯೆ ಅನ್ನಬೇಕು.

ಇನ್ನೊಂದು, 1999ರ ಸೆಪ್ಟೆಂಬರ್ 23. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ನೌಕೆ ಕಾಣೆಯಾಯಿತು. ತನಿಖೆ ಮಾಡಿದಾಗ ಗೊತ್ತಾದದ್ದು ಇಷ್ಟು: ನೆಲದ ಮೇಲಿನ ಒಂದು ಕಂಪ್ಯೂಟರ್ ಕಾರ್ಯಕ್ರಮ ನೌಕೆಗೆ ಬಿದ್ದ ನೂಕುಬಲವನ್ನು ಪೌಂಡಿನ ಲೆಕ್ಕದಲ್ಲಿ ಕೊಡುತ್ತಿತ್ತು, ಅದನ್ನು ಓದಿಕೊಂಡವರು ಮೆಟ್ರಿಕ್ ಲೆಕ್ಕ ಅಂತ ತಿಳಿದಿದ್ದರು. ಒಂದಕ್ಕೆ ನಾಲ್ಕೂವರೆ ಪಟ್ಟಿನ ವ್ಯತ್ಯಾಸ. ಒಂಬತ್ತು ತಿಂಗಳು ಪ್ರಯಾಣ ಮಾಡಿ ಗ್ರಹದ ಹತ್ತಿರ ಹೋಗಿ, ಹೋಗಬಾರದಷ್ಟು ಕೆಳಗೆ ಇಳಿದು ನಾಶವಾಯಿತು. ಸುಮಾರು ಹನ್ನೆರಡೂವರೆ ಕೋಟಿ ಡಾಲರಿನ ನೌಕೆ ಅದು.

ನಾವು ಬದಲಾದದ್ದು ಹೇಗೆ?

ಈಗ ನಮ್ಮ ಕಡೆ ನೋಡೋಣ. ನಮಗೆ ಫ್ರಾನ್ಸಿನಂತೆಯೇ ನೋವು ಇತ್ತು. ಹಳೇ ಮೈಸೂರಿನ ಕಚ್ಚಾ ಸೇರು 24 ತೊಲ. ಅಂಥ 40 ಸೇರಿನ ಮಣ ಈಗಿನ 11 ಕಿಲೋ ಚಿಲ್ಲರೆ. ಬ್ರಿಟಿಷ್ ಸರ್ಕಾರದ ಸೇರು 80 ತೊಲ, ಅದರ ಮಣ 37 ಕಿಲೋ ಚಿಲ್ಲರೆ. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ. ಪಾವು, ಅಚ್ಚೇರು, ಬಳ್ಳ, ಕೊಳಗ, ಖಂಡುಗ ಇವೆಲ್ಲ ಊರಿಂದೂರಿಗೆ ಹಿಗ್ಗಿ ಕುಗ್ಗುತ್ತಿದ್ದವು. ಒಂದೇ ಹೆಸರು, ಎರಡು ತೂಕ! ಹಳ್ಳಿಯ ರೈತ ಮಂಡಿಗೆ ಹೋದರೆ ಅಲ್ಲಿನ ಮಣ ಯಾವುದು ಅಂತ ಮಂಡಿಯವನಿಗೇ ಗೊತ್ತು. ನಮ್ಮ ಹಿರಿಯರು ಮನೆಯಲ್ಲಿ ಅಳೆದು ಹೊರಟ ರಾಗಿ ಸಂತೆಗೆ ಹೋಗುವಷ್ಟರಲ್ಲಿ ಕರಗುತ್ತಿತ್ತು ಅಂತ ಹೇಳುತ್ತಿದ್ದರು. ಕರಗಿದ್ದು ರಾಗಿಯಲ್ಲ, ಅಳತೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ತಾರೀಕು ಹಾಕಿಕೊಂಡು ಕೆಲಸ ಮಾಡಿತು. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆ ಆಯಿತು. 1956ರ ತೂಕ ಮತ್ತು ಅಳತೆಗಳ ಕಾನೂನು 1958ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಜಾರಿಗೆ ಬಂತು. 1962ರ ಹೊತ್ತಿಗೆ ಸೇರು ಹೋಗಿ ಕಿಲೋ ಕಡ್ಡಾಯವಾಯಿತು. ನಮ್ಮಲ್ಲಿ ಆಗ ಕಾರ್ಖಾನೆಗಳು ಈಗಿನಷ್ಟು ಇರಲಿಲ್ಲ, ಆದ್ದರಿಂದ ಬದಲಾವಣೆಯ ಖರ್ಚೂ ಕಡಿಮೆ. ತಡ ಮಾಡಿದ್ದರೆ ಅಮೆರಿಕದ ಗತಿಯೇ ನಮಗೂ ಆಗುತ್ತಿತ್ತು. ಹಾಗಂತ ಆ ಬದಲಾವಣೆ ಕಷ್ಟವಿಲ್ಲದೆ ಆಗಲಿಲ್ಲ. ಸರ್ಕಾರದ ಸೇರು 933 ಗ್ರಾಂ, ಕಿಲೋ ಸಾವಿರ ಗ್ರಾಂ. ಕಿಲೋ ಅಂದರೆ ಸೇರೇ ಅಂತ ತಿಳಿದು ಸೇರಿನ ಬೆಲೆಗೇ ಕಿಲೋ ಕೊಟ್ಟವನು ಪ್ರತಿ ಕಿಲೋಗೆ 67 ಗ್ರಾಂ ಧರ್ಮಕ್ಕೆ ಕೊಟ್ಟ ಹಾಗಾಗುತ್ತಿತ್ತು. ಅಳತೆ ಬದಲಾದಾಗ ಓದು ಬಾರದವರೇ ಮೊದಲು ಪೆಟ್ಟು ತಿನ್ನುವುದು.

ಆದರೆ ನಾವೂ ಪೂರ್ತಿ ಬದಲಾಗಿಲ್ಲ ಅನ್ನೋದನ್ನು ಅಜ್ಜಿಗೆ ಹೇಳಬೇಕು. ಹೂವನ್ನು ಮೊಳದಲ್ಲಿ ಕೊಳ್ಳುತ್ತೇವೆ. ನಿವೇಶನ ಮೂವತ್ತು ನಲವತ್ತು ಅಡಿ. ಕಬ್ಬಿಣದ ಪೈಪು ಇಂಚು, ಬೋರ್‌ವೆಲ್ ಅಡಿ. ಬಂಗಾರ ತೊಲ ಅನ್ನುತ್ತೇವೆ. ಹಳೇ ತೊಲ 11.66 ಗ್ರಾಂ, ಈಗ ಎಷ್ಟೋ ಕಡೆ ತೊಲ ಅಂದರೆ ಹತ್ತೇ ಗ್ರಾಂ. ಮಗಳ ಮದುವೆಗೆ ಐದು ತೊಲ ಅಂತ ಮಾತಾಡಿಕೊಂಡವರು ಯಾವ ತೊಲ ಅಂತ ಕೇಳಿಕೊಳ್ಳದಿದ್ದರೆ ಎಂಟು ಗ್ರಾಂ ವ್ಯತ್ಯಾಸಕ್ಕೆ ಬೀಗರ ನಡುವೆ ಮುಖ ಕೆಡುತ್ತದೆ. ಇನ್ನು ಪಹಣಿಯಲ್ಲಿ ಎಕರೆ, ಗುಂಟೆ. ಅಮೆರಿಕದವರು ಎಕರೆ ಬಿಡದ ಕಾರಣಕ್ಕೇ ನಾವೂ ಬಿಟ್ಟಿಲ್ಲ. ದಾಖಲೆ ಎಲ್ಲಿ ಗಟ್ಟಿಯಾಗಿ ಕೂತಿದೆಯೋ ಅಲ್ಲಿ ಹಳೇ ಅಳತೆ ಉಳಿಯುತ್ತದೆ. ಎಲ್ಲಿ ದಿನವೂ ಕೈ ಬದಲಾಗುತ್ತದೆಯೋ, ಅಂಗಡಿ, ಸಂತೆ, ಕಾಸು, ಅಲ್ಲಿ ಬೇಗ ಹೋಗುತ್ತದೆ.

ಹನ್ನೆರಡು ಗುಂಟೆಯ ಪಾಠ

ಕಡೆಯದಾಗಿ ನಮ್ಮ ಸಂಘದಲ್ಲೇ ನಡೆದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಬೆಳ್ಳಿ ಹಬ್ಬದಲ್ಲಿ ಬರೀ ಹೊಗಳಿಕೆ ಇರಬಾರದು. ಕೆಲವು ವರ್ಷಗಳ ಹಿಂದೆ ಬೆಳೆ ಸಾಲದ ಪಟ್ಟಿ ಮಾಡುತ್ತಿದ್ದೆವು. ಎಕರೆಗೆ ಇಷ್ಟು ಅಂತ ಸಾಲ. ಒಬ್ಬ ತಾಯಿಯ ಪಹಣಿಯಲ್ಲಿ 1.20 ಅಂತ ಇತ್ತು. ಹೊಸದಾಗಿ ಸೇರಿದ್ದ ನಮ್ಮ ಹುಡುಗ ಅದನ್ನು ಹಾಗೇ ಕ್ಯಾಲ್ಕ್ಯುಲೇಟರಿಗೆ ಒತ್ತಿದ. ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಯಂತ್ರ ಹಿಡಿದ ಲೆಕ್ಕ ಒಂದು ಪಾಯಿಂಟ್ ಎರಡು, ಅಂದರೆ ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಮಾಯ! ಪಟ್ಟಿಗೆ ಸಹಿ ಹಾಕಿದವರು ನಾವೇ. ಆಕೆ ಹಣ ತೆಗೆದುಕೊಳ್ಳುವಾಗ, "ಅಣ್ಣಾ, ನಂಗೆ ಓದೋಕೆ ಬರಲ್ಲ. ಆದ್ರೆ ನನ್ನ ಹೊಲದಷ್ಟೇ ಹೊಲ ಇರೋ ಪಕ್ಕದ ಮನೆಯೋರಿಗೆ ಜಾಸ್ತಿ ಬಂದೈತೆ, ನಂಗ್ಯಾಕೆ ಕಮ್ಮಿ?" ಅಂತ ಕೇಳಿದರು. ನಾವು ತೆಗೆದು ನೋಡಿದಾಗ ತಲೆ ತಗ್ಗಿಸುವ ಹಾಗಾಯಿತು. ಪಟ್ಟಿಯನ್ನೆಲ್ಲ ಮತ್ತೆ ಮಾಡಿದೆವು. ಅದೇ ತಪ್ಪು ಇನ್ನೂ ಕೆಲವರ ಹೆಸರಿನ ಮುಂದೆ ಸಿಕ್ಕಿತು. ಅವರು ಯಾರೂ ಕೇಳಿರಲಿಲ್ಲ.

ಮಂಗಳ ಗ್ರಹದ ನೌಕೆಯನ್ನು ಕಳೆದದ್ದೂ ಇದೇ ತಪ್ಪು. ಅಂಕಿ ಸರಿಯಾಗಿತ್ತು, ಅಂಕಿ ಯಾವ ಅಳತೆಯದು ಅಂತ ಯಾರೂ ಕೇಳಲಿಲ್ಲ. ಅಲ್ಲಿ ನೌಕೆ ಮಾತಾಡಲಿಲ್ಲ, ಇಲ್ಲಿ ಆ ತಾಯಿ ಮಾತಾಡಿದರು. ಅವತ್ತಿನಿಂದ ನಮ್ಮ ಪುಸ್ತಕಗಳಲ್ಲಿ ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಮಾಡಿದ್ದೇವೆ. ನಡುವೆ ಚುಕ್ಕೆ ಇಡುವುದಿಲ್ಲ.

ಅಜ್ಜಿಗೆ ಹೀಗೆ ಹೇಳಿದೆವು: "ಅಮ್ಮ, ಅವರು ದಡ್ಡರಲ್ಲ. ಅವರಿಗೆ ನಮ್ಮಷ್ಟು ಮೋಸ ಆಗಿರಲಿಲ್ಲ, ಅದಕ್ಕೆ ಆತುರ ಇರಲಿಲ್ಲ. ಆತುರ ಬಂದಾಗ ಖರ್ಚು ಬೆಳೆದುಬಿಟ್ಟಿತ್ತು. ಮಾಡೋಣ ಅಂದಾಗ ತಾರೀಕು ಹಾಕಲಿಲ್ಲ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳತೆ ಯಾವ್ದಾದ್ರೆ ಏನಪ್ಪ, ಅಳೆಯೋ ಕೈ ಸರಿಯಾಗಿರ್ಬೇಕು" ಅಂದರು.

ಅಜ್ಜಿಯ ಮಾತು ಅರ್ಧ ಸರಿ. ಕೈಯೂ ಸರಿ ಇರಬೇಕು, ಅಳತೆಯೂ ಇಬ್ಬರಿಗೂ ಒಂದೇ ಆಗಿರಬೇಕು. 1789ರ ಫ್ರಾನ್ಸಿನ ರೈತ ಕೇಳಿದ್ದು ಅದನ್ನೇ. ನಮ್ಮಂಥ ಸಹಕಾರ ಸಂಘ ಹುಟ್ಟಿದ್ದೂ ಅದಕ್ಕಾಗಿಯೇ. ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಸಂಘಕ್ಕೆ ಬಂದಾಗ ತೂಕದ ಯಂತ್ರ ಸೊನ್ನೆಗೆ ನಿಂತಿದೆಯೇ ಅಂತ ನೀವೇ ನೋಡಿ. ಯಂತ್ರದ ಮೇಲೆ ಇಲಾಖೆಯ ಮುದ್ರೆಯ ತಾರೀಕು ನೋಡಿ. ಯೂರಿಯಾ ಮೂಟೆ 2018ರಿಂದ ಐವತ್ತಲ್ಲ, ನಲವತ್ತೈದು ಕಿಲೋ ಅನ್ನೋದು ನೆನಪಿರಲಿ. ಎಕರೆಗೆ ಎಷ್ಟು ಮೂಟೆ ಅಂತ ಲೆಕ್ಕ ಹಾಕುವಾಗ ಅದನ್ನು ಹಿಡಿಯಿರಿ. ಅನುಮಾನ ಬಂದರೆ ಸಂಕೋಚ ಬೇಡ, ಆ ತಾಯಿ ಕೇಳಿದ ಹಾಗೆ ಕೇಳಿ. ನೀವು ಕೇಳುವಷ್ಟು ದಿನ ಈ ಸಂಘ ಸರಿಯಾಗಿ ತೂಗುತ್ತದೆ.